ವಿವಾಹದ ಕಟ್ಟನ್ನು ಬಿಚ್ಚುವ ಅಧಿಕಾರ ಯಾರಿಗುಂಟು?

ಹೆಂಡತಿಯನ್ನು ತವರಿಗೆ ಅಟ್ಟಿದವನೊಬ್ಬನು ಊರ ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ನಾಲ್ಕು ಸಾಲು ಬರೆಯಿಸಿ, ಇಬ್ಬರ ರುಜುವನ್ನೂ ಹಾಕಿಸಿ, ಇನ್ನು ನನಗೂ ಅವಳಿಗೂ ಸಂಬಂಧವಿಲ್ಲವೆಂದು ಎರಡನೆಯ ಮದುವೆಗೆ ಸಿದ್ಧನಾಗುವದು ನಮ್ಮ ಗ್ರಾಮಗಳಲ್ಲಿ ಉಂಟು. ಆ ಕಾಗದವನ್ನು ಹಿಡಿದುಕೊಂಡು ಉಪದೇಶಿಯ ಬಾಗಲಿಗೆ ಬರುವವರಿಗೆ ನಾವು ಏನು ಉತ್ತರ ಕೊಡತಕ್ಕದ್ದು? ದಂಪತಿಗಳು ಅಗಲಬಾರದೆಂಬದೇ ಕರ್ತನ ಚಿತ್ತವೆಂದು ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಿಂದ ಕಲಿತಿದ್ದೇವೆ. ಆದರೂ ಮನೆ ಒಡೆದಾಗ ದೇಶದ ಕಾಯಿದೆಯನ್ನು ಅರಿಯದಿದ್ದರೆ ನಿರಪರಾಧಿಗಳೇ ಕಷ್ಟಕ್ಕೆ ಬೀಳುವರು. ಆದಕಾರಣ ಈ ಪಾಠ.

1. ಅಧಿಕಾರ

ನಮ್ಮ ದೇಶದಲ್ಲಿ ಕ್ರೈಸ್ತರ ವಿವಾಹವಿಚ್ಛೇದನವು 1869ನೆಯ ಇಸವಿಯ ಕಾಯಿದೆಗೆ ಒಳಪಟ್ಟದ್ದು. ಇದರ ಮೇರೆಗೆ ಕಟ್ಟನ್ನು ಬಿಚ್ಚುವ ಅಧಿಕಾರವು ಜಿಲ್ಲಾ ನ್ಯಾಯಾಲಯಕ್ಕೆ, ಕುಟುಂಬ ನ್ಯಾಯಾಲಯವಿರುವಲ್ಲಿ ಅದಕ್ಕೆ, ಸೇರಿದೆ. ಪಂಚಾಯಿತಿಗೂ ಸಭೆಯ ಹಿರಿಯರಿಗೂ ಪಾದ್ರಿಗಳಿಗೂ ಅದು ಇಲ್ಲ. ಸಭೆಯ ನ್ಯಾಯಪೀಠವು ಕೊಟ್ಟ ಬಿಡುಗಡೆಯು ಕಾಯಿದೆಯ ಮುಂದೆ ನಿಲ್ಲದೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟು, 2017ರಲ್ಲಿ ಅದನ್ನೇ ದೃಢಪಡಿಸಿತು. ಹಾಗಾದರೆ ಛಾಪಾ ಕಾಗದವನ್ನು ನಂಬಿ ಮಾಡಿದ ಎರಡನೆಯ ಮದುವೆಯು ಮದುವೆಯೇ ಅಲ್ಲ. ಮಾಡಿಕೊಂಡವನಿಗೆ ಏಳು ವರುಷಗಳ ವರೆಗೆ ಸೆರೆವಾಸವಾಗಬಹುದು. ಅವನನ್ನು ನಂಬಿ ಬಂದವಳಿಗೋ ಹೆಂಡತಿಯ ಹಕ್ಕು ಸಿಕ್ಕದು.

2. ಕಾರಣಗಳು

ಪೂರ್ವದಲ್ಲಿ ಈ ಕಾಯಿದೆಯು ಹೆಂಗಸರಿಗೆ ಬಹು ಭಾರವಾಗಿತ್ತು. ಹೇಗಂದರೆ, ಗಂಡನು ಹೆಂಡತಿಯ ವ್ಯಭಿಚಾರವನ್ನು ಮಾತ್ರ ರುಜುಪಡಿಸಿದರೆ ಸಾಕಾಗಿತ್ತು. ಹೆಂಡತಿಯಾದರೋ ಸಾಧಾರಣವಾಗಿ ವ್ಯಭಿಚಾರದೊಂದಿಗೆ ಕ್ರೂರತನವನ್ನಾಗಲಿ ಎರಡು ವರುಷಗಳ ತೊರೆಯುವಿಕೆಯನ್ನಾಗಲಿ ರುಜುಪಡಿಸಬೇಕಾಗಿತ್ತು. 2001ರ ತಿದ್ದುಪಡಿಯಿಂದ ಈ ಭೇದವು ಹೋಯಿತು. ಈಗ ಇಬ್ಬರಿಗೂ ಇರುವ ಮುಖ್ಯ ಕಾರಣಗಳು ಯಾವವಂದರೆ: ವ್ಯಭಿಚಾರ, ಒಟ್ಟಿಗೆ ಬಾಳಿದರೆ ಹಾನಿಯಾದೀತೆಂಬ ಭಯವನ್ನು ಹುಟ್ಟಿಸುವಂಥ ಕ್ರೂರತನ, ಅರ್ಜಿಗೆ ಮುಂಚೆ ಎರಡು ವರುಷವಾದರೂ ತೊರೆದಿರುವದು, ಕ್ರೈಸ್ತ ಮತವನ್ನು ಬಿಟ್ಟು ಬೇರೆ ಮತಕ್ಕೆ ಸೇರುವದು, ಎರಡು ವರುಷಗಳಿಂದ ಇರುವ ವಾಸಿಯಾಗದ ಬುದ್ಧಿಭ್ರಮಣೆ, ಏಳು ವರುಷ ಜೀವಂತವಾಗಿರುವ ಸುದ್ದಿಯೇ ಇಲ್ಲದಿರುವದು. ಕುಷ್ಠರೋಗವೂ ಒಂದು ಕಾರಣವಾಗಿತ್ತು. 2019ರಲ್ಲಿ ಅದನ್ನು ತೆಗೆದುಹಾಕಿದರು. ರೋಗಿಯನ್ನು ಹೊರಗೆ ಹಾಕದಿರುವದು ನಮ್ಮ ಕರ್ತನ ನಡತೆಗೂ ಒಪ್ಪುವಂಥದ್ದೇ.

3. ಕ್ರಮ

ಮದುವೆಯಾದ ಸ್ಥಳ, ದಂಪತಿಗಳು ವಾಸಿಸುವ ಸ್ಥಳ, ಇಲ್ಲವೆ ಕಡೆಯದಾಗಿ ಕೂಡಿ ವಾಸಿಸಿದ ಸ್ಥಳ ಯಾವ ನ್ಯಾಯಾಲಯಕ್ಕೆ ಸೇರುವದೋ ಅಲ್ಲಿ ಅರ್ಜಿ ಕೊಡಬೇಕು. ಸಭೆಯ ವಿವಾಹ ದಾಖಲೆಯ ನಕಲು ಇದಕ್ಕೆ ಬೇಕಾಗುವದರಿಂದ ಆ ಪುಸ್ತಕವನ್ನು ಜೋಪಾನವಾಗಿ ಇಡೋಣ. ಎದುರು ಪಕ್ಷಕ್ಕೆ ಸಮನ್ಸು ಹೋಗುವದು. ಸಾಕ್ಷಿಗಳ ವಿಚಾರಣೆಯಾದ ಮೇಲೆ ತೀರ್ಪಾಗುವದು. ಇಬ್ಬರೂ ಒಪ್ಪಿ ಅಗಲಬೇಕೆಂದರೆ ಕೂಡಿ ಅರ್ಜಿ ಕೊಡಬಹುದು. ಅದಕ್ಕೆ ಮೊದಲು ಎರಡು ವರುಷ ಬೇರೆಯಾಗಿರಬೇಕೆಂದು ಕಾಯಿದೆಯಲ್ಲಿ ಬರೆದದೆ. ಕೆಲವು ಉಚ್ಚ ನ್ಯಾಯಾಲಯಗಳು ಈ ಅವಧಿಯನ್ನು ತಗ್ಗಿಸಿರುವದರಿಂದ ವಕೀಲರನ್ನು ಕೇಳತಕ್ಕದ್ದು. ಡಿಕ್ರಿಯಾದ ದಿನವೇ ಪುನರ್ವಿವಾಹಕ್ಕೆ ಅವಸರಪಡಬಾರದು. ಅಪೀಲಿನ ಅವಧಿ ಮುಗಿಯಬೇಕು, ಅಪೀಲಾಗಿದ್ದರೆ ಅದು ವಜಾ ಆಗಬೇಕು.

4. ತೊರೆಯಲ್ಪಟ್ಟವಳು

ತವರಿನ ಜಗಲಿಯಲ್ಲಿ ಮಗುವನ್ನು ಅಪ್ಪಿಕೊಂಡು ಕೂತಿರುವವಳು ವಿಚ್ಛೇದನವನ್ನು ಬಯಸದೆಯೂ ಇರಬಹುದು. ಸ್ವಂತ ಜೀವನಕ್ಕೆ ದಾರಿಯಿಲ್ಲದಿದ್ದರೆ ತನಗೂ ಮಗುವಿಗೂ ಜೀವನಾಂಶವನ್ನು ಕೇಳಲು ಅವಳಿಗೆ ಹಕ್ಕುಂಟು. ಅದಕ್ಕೆ ವಿಚ್ಛೇದನದ ಅರ್ಜಿ ಬೇಕಾಗಿಲ್ಲ. ವಕೀಲರ ಹಣಕ್ಕೆ ಹೆದರಬೇಕಾಗಿಯೂ ಇಲ್ಲ. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೆ, ವರಮಾನವೆಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಧರ್ಮಾರ್ಥವಾಗಿ ವಕೀಲರ ಸಹಾಯ ದೊರೆಯುವದು.

ಆದದರಿಂದ, ಸಹೋದರರೇ, ಆ ಕಾಗದ ತಂದವನಿಗೆ ನಾವು ಹೀಗೆ ಉತ್ತರಿಸೋಣ: ಇದು ಕಟ್ಟನ್ನು ಬಿಚ್ಚಲಿಲ್ಲ, ಮೊದಲು ಹೆಂಡತಿಯ ಬಳಿಗೆ ಹೋಗಿ ಸಮಾಧಾನವನ್ನು ಹುಡುಕು. ಬಳಿಕ ಅವಳ ಮನೆಗೂ ನಾವು ಹೋಗೋಣ. ಸಮಾಧಾನವಾಗದೆ ಹೋದರೆ ಅವಳನ್ನು ಒಂಟಿಯಾಗಿ ಬಿಡದೆ ನ್ಯಾಯಾಲಯದ ಮೆಟ್ಟಲಿನ ವರೆಗೂ ಜೊತೆಯಲ್ಲಿ ನಡೆಯೋಣ. ಹೊಡೆತಕ್ಕೆ ಹೆದರಿ ಬಂದವಳನ್ನಂತೂ ಸಮಾಧಾನದ ಹೆಸರಿನಲ್ಲಿ ಅದೇ ಮನೆಗೆ ಒತ್ತಾಯದಿಂದ ಕಳುಹಿಸಬಾರದು.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು: ಛಾಪಾ ಕಾಗದದಿಂದ ವಿವಾಹವು ಏಕೆ ಮುಗಿಯುವದಿಲ್ಲ? 2001ರಲ್ಲಿ ಹೆಂಗಸರಿಗೆ ಯಾವ ಭಾರವು ಇಳಿಯಿತು? ನಮ್ಮ ಸಭೆಯಲ್ಲಿ ತೊರೆಯಲ್ಪಟ್ಟವರನ್ನು ಯಾರು ವಿಚಾರಿಸುತ್ತಾರೆ?