ಬ್ರೌಸರಿಗೆ ಸೇರುವ ಆಡ್-ಆನ್: ಪಡೆಯುವ ಮುನ್ನ ತಿಳಿಯಬೇಕಾದುದು

1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳಿಗಾಗಿ ಹೊರತಂದ ಸಾಧನಗಳಲ್ಲಿ ಜಿಸ್ಟ್ ಕಾರ್ಡು ಮುಖ್ಯವಾದುದು. ಕಾನ್ಪುರದ ಐಐಟಿಯಲ್ಲಿ ಮೊಳೆತ ತಂತ್ರಜ್ಞಾನದ ಈ ಕಾರ್ಡನ್ನು ಗಣಕಯಂತ್ರದೊಳಗೆ ಕೂರಿಸಿದರೆ, ಇಂಗ್ಲಿಷ್ ಅಕ್ಷರಗಳಿಗೆಂದೇ ರೂಪಿಸಿದ ಪರದೆಯ ಮೇಲೆ ಕನ್ನಡವೂ ಮೂಡುತ್ತಿತ್ತು. ಅದೂ ಒಂದು ಆಡ್-ಆನ್. ಎಂದರೆ ಇರುವ ಯಂತ್ರಕ್ಕೆ ಹೊರಗಿನಿಂದ ಸೇರಿಸಿದ ಅಂಗ. ಅದರ ತಯಾರಕರು ಯಾರೆಂಬುದು ಕೊಳ್ಳುವವರಿಗೆ ತಿಳಿದಿತ್ತು. ಒಮ್ಮೆ ಕೂರಿಸಿದ ಕಾರ್ಡು ರಾತ್ರೋರಾತ್ರಿ ಬೇರೊಂದಾಗುವ ಭಯವೂ ಇರಲಿಲ್ಲ.

ಇಂದು ಅಂತರಜಾಲವನ್ನು ನೋಡಲು ಬಳಸುವ ಬ್ರೌಸರಿಗೂ ಆಡ್-ಆನ್‌ಗಳಿವೆ. ಇವುಗಳನ್ನು ಎಕ್ಸ್‌ಟೆನ್ಶನ್ ಎಂದೂ ಕರೆಯುವರು. ಕನ್ನಡ ಬೆರಳಚ್ಚು, ಅನುವಾದ, ಜಾಹೀರಾತು ತಡೆ ಮೊದಲಾದ ಕೆಲಸಗಳಿಗೆ ಇವು ಉಪಯುಕ್ತ. ಕ್ರೋಮ್, ಫೈರ್‌ಫಾಕ್ಸ್ ಮುಂತಾದ ಬ್ರೌಸರುಗಳ ಸಂಸ್ಥೆಗಳೇ ಇವುಗಳ ಭಂಡಾರಗಳನ್ನು ನಡೆಸುತ್ತವೆ.

ಭಂಡಾರದ ಪುಟವು ಸಾಮಾನ್ಯವಾಗಿ ಮೊದಲು ತೋರಿಸುವುದು ಹೆಸರು, ನಕ್ಷತ್ರಗಳ ಅಂಕ, ಬಳಕೆದಾರರ ಸಂಖ್ಯೆ ಮತ್ತು ಸೇರಿಸುವ ಗುಂಡಿ. ತಯಾರಕರ ವಿವರ ಹಾಗೂ ಮಾಹಿತಿಯ ಬಳಕೆಯ ವಿವರಗಳನ್ನು ಕೆಳಗೆ ಹುಡುಕಿ ಓದಬೇಕು. ನಕ್ಷತ್ರಗಳು ಬಳಕೆದಾರರ ಮೆಚ್ಚುಗೆಯನ್ನು ತಿಳಿಸುತ್ತವೆಯೇ ಹೊರತು ಒಳಗಿನ ಆದೇಶಗಳ ಪ್ರಾಮಾಣಿಕತೆಯನ್ನಲ್ಲ. ಗುಂಡಿ ಒತ್ತಿದಾಗ ಕಾಣುವ ಅನುಮತಿಯ ವಾಕ್ಯವೇ ಇಡೀ ಪುಟದಲ್ಲಿ ಅತ್ಯಂತ ಮಹತ್ವದ್ದು. ‘ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದಬಲ್ಲದು ಮತ್ತು ಬದಲಿಸಬಲ್ಲದು’ ಎಂಬ ಅರ್ಥದ ಆ ವಾಕ್ಯವು ಬ್ಯಾಂಕಿನ ಪುಟವನ್ನೂ ಒಳಗೊಳ್ಳುತ್ತದೆ. ಇಷ್ಟು ದೊಡ್ಡ ಅಧಿಕಾರವನ್ನು ಇಷ್ಟು ಚಿಕ್ಕ ವಾಕ್ಯದಲ್ಲಿ ಕೇಳುವುದು ಬಳಕೆದಾರರಿಗೆ ಅನುಕೂಲವೆಂದು ಹೇಳಲಾಗದು.

ಹಾಗಾದರೆ ಪರಿಶೀಲನೆ ಇಲ್ಲವೇ? ಇದೆ. 2016ರಲ್ಲಿ ಬಂದ ಫೈರ್‌ಫಾಕ್ಸ್ 48ನೇ ಆವೃತ್ತಿಯಿಂದ, ಮೊಜಿಲ್ಲಾ ಸಂಸ್ಥೆಯ ಡಿಜಿಟಲ್ ಸಹಿಯಿಲ್ಲದ ಆಡ್-ಆನ್ ಸಾಮಾನ್ಯ ಬಳಕೆಯ ಫೈರ್‌ಫಾಕ್ಸಿಗೆ ಸೇರದು. ಆ ಸಂಸ್ಥೆಯು ‘ಶಿಫಾರಸು ಮಾಡಿದ’ ಎಂಬ ಗುರುತು ನೀಡಿದ ಆಡ್-ಆನ್‌ಗಳನ್ನು ಪರಿಣತರು ಪರೀಕ್ಷಿಸುತ್ತಾರೆ. ಕ್ರೋಮ್ ಭಂಡಾರದಲ್ಲಿ ಯಂತ್ರ ಮತ್ತು ಮನುಷ್ಯರಿಬ್ಬರ ಪರಿಶೀಲನೆಯೂ ಉಂಟು. ಆದರೂ ವಂಚಕ ಆಡ್-ಆನ್‌ಗಳು ನುಸುಳಿವೆ. ಕ್ರೋಮ್ ಭಂಡಾರದಿಂದ ಇಂಥ 106 ಆಡ್-ಆನ್‌ಗಳನ್ನು ತೆಗೆದುಹಾಕಿದ ಬಗ್ಗೆ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2020ರಲ್ಲಿ ಎಚ್ಚರಿಕೆ ನೀಡಿತು.

ಇನ್ನೊಂದು ಬಗೆಯ ಅಪಾಯ ಹೆಚ್ಚು ಸೂಕ್ಷ್ಮವಾದುದು: ಒಳ್ಳೆಯ ಆಡ್-ಆನ್ ನಂತರ ಕೆಡುವುದು. ಬ್ರೌಸರಿನ ಹೊರೆ ಇಳಿಸಲು ಲಕ್ಷಾಂತರ ಜನ ನೆಚ್ಚಿದ್ದ ‘ದಿ ಗ್ರೇಟ್ ಸಸ್ಪೆಂಡರ್’ 2020ರಲ್ಲಿ ಬೇರೊಬ್ಬರ ಕೈಸೇರಿತು; ಅದರಲ್ಲಿ ದುರುದ್ದೇಶದ ಆದೇಶಗಳಿವೆಯೆಂದು 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. 2024ರ ಡಿಸೆಂಬರಿನಲ್ಲಿ ಸೈಬರ್‌ಹೆವೆನ್ ಎಂಬ ಭದ್ರತಾ ಸಂಸ್ಥೆಯ ನೌಕರರೊಬ್ಬರನ್ನು ನಕಲಿ ಮಿಂಚಂಚೆಯಿಂದ ವಂಚಿಸಿ, ಅದರ ಆಡ್-ಆನ್‌ನ ಕೆಟ್ಟ ಆವೃತ್ತಿಯನ್ನು ಭಂಡಾರಕ್ಕೆ ಏರಿಸಲಾಯಿತು. ಅದು ಪರಿಶೀಲನೆಯನ್ನು ದಾಟಿ, ತೆಗೆದುಹಾಕುವ ಮೊದಲು ಸುಮಾರು ಒಂದು ದಿನ ಹರಡಿತ್ತು. ಆಡ್-ಆನ್‌ಗಳು ತಾವಾಗಿಯೇ ನವೀಕರಣಗೊಳ್ಳುವುದರಿಂದ ಬಳಕೆದಾರರು ಏನನ್ನೂ ಒತ್ತಬೇಕಾಗಿರಲಿಲ್ಲ.

ಆದುದರಿಂದ ಸೇರಿಸುವಾಗ ಒಮ್ಮೆ ನೋಡಿದರೆ ಸಾಲದು. ಬ್ರೌಸರಿನ ಎಕ್ಸ್‌ಟೆನ್ಶನ್ ಪಟ್ಟಿಯನ್ನು ಆಗಾಗ ತೆರೆದು, ಬಳಸದೆ ಇರುವುದನ್ನು ತೆಗೆಯಬೇಕು. ಕ್ರೋಮಿನಲ್ಲಿ ಆಡ್-ಆನ್‌ನ ಅಧಿಕಾರವನ್ನು ಅದರ ಗುರುತನ್ನು ಒತ್ತಿದಾಗ ಮಾತ್ರ ಅಥವಾ ಆಯ್ದ ಜಾಲತಾಣಗಳಿಗೆ ಮಾತ್ರ ಸೀಮಿತಗೊಳಿಸಲು ಅವಕಾಶವಿದೆ. ಬೆರಳಚ್ಚಿನ ಆಡ್-ಆನ್ ಎಲ್ಲ ಪುಟಗಳ ಅನುಮತಿ ಕೇಳುವುದು ಸಹಜವಾಗಿರಬಹುದು. ಕೇವಲ ಪರದೆಯ ಬಣ್ಣ ಬದಲಿಸುವಂಥದು ಬ್ಯಾಂಕಿನ ಪುಟವನ್ನೂ ಓದಬೇಕೆಂದರೆ ಅನುಮಾನಿಸಬೇಕು. ಅನುಮತಿ ಹೆಚ್ಚಾದಾಗ ಬ್ರೌಸರು ಆಡ್-ಆನನ್ನು ತಡೆದು ಮತ್ತೆ ಒಪ್ಪಿಗೆ ಕೇಳುವುದುಂಟು. ಆಗ ಅವಸರದಿಂದ ಒಪ್ಪಬಾರದು.

ಸರ್ಟ್-ಇನ್ ಅಡಿಯಲ್ಲಿ 2017ರ ಫೆಬ್ರವರಿ 21ರಂದು ಆರಂಭವಾದ ಸೈಬರ್ ಸ್ವಚ್ಛತಾ ಕೇಂದ್ರವು, ಕೆಟ್ಟ ಜಾಲಪುಟಗಳ ದಾಳಿ ತಡೆಯಲು ಸಿ-ಡ್ಯಾಕ್‌ನ ಹೈದರಾಬಾದ್ ಕೇಂದ್ರ ರೂಪಿಸಿದ ‘ಬ್ರೌಸರ್ ಜೆಎಸ್‌ಗಾರ್ಡ್’ ಎಂಬ ಆಡ್-ಆನನ್ನು ಜನರಿಗೆ ಪರಿಚಯಿಸಿತು. ಗಣಕಯಂತ್ರದ ಸೋಂಕನ್ನು ತೆಗೆಯುವ ಉಚಿತ ಸಾಧನಕ್ಕೆ ಪುಣೆಯ ಕ್ವಿಕ್ ಹೀಲ್ ಕಂಪನಿ ಕೈಜೋಡಿಸಿತು.

ಆಡ್-ಆನ್ ಮೋಸದ್ದೆಂದು ತಿಳಿದುಬಂದರೆ ಅದನ್ನು ತೆಗೆದಷ್ಟರಿಂದ ಕೆಲಸ ಮುಗಿಯದು. ತೆರೆದಿರುವ ಎಲ್ಲ ಖಾತೆಗಳಿಂದ ಹೊರಬಂದು, ಸೋಂಕಿಲ್ಲದ ಬೇರೊಂದು ಸಾಧನದಿಂದ ಗುಪ್ತಪದಗಳನ್ನು ಬದಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು.