ಹಳೆಯ ಮೋಟಾರು ಸೈಕಲ್ ದಾರಿಯಲ್ಲಿ ನಿಲ್ಲುವುದೇಕೆ?



ಅಡಿಕೆ ಕೊಯ್ಲಿನ ಕಾಲದಲ್ಲಿ ಬೆಳೆಗಾರನಿಗೆ ಅರ್ಧ ದಿನದ ವಿಳಂಬವೂ ದುಬಾರಿಯೇ ಸರಿ. ಸುಲಿದ ಅಡಿಕೆ ಬೇಯಿಸಬೇಕು, ಸುಲಿಯುವವರಿಗೆ ಕೂಲಿ ಬಟವಾಡೆಯಾಗಬೇಕು, ಚನ್ನಗಿರಿಗೆ ಹೋಗಿ ಧಾರಣೆ ವಿಚಾರಿಸಬೇಕು. ಕತ್ತಲಗೆರೆ ಸುತ್ತಿನಲ್ಲಿ ತಂದೆಯ ಕಾಲದ ಮೋಟಾರು ಸೈಕಲ್ಲನ್ನೇ ಈ ಓಡಾಟಕ್ಕೆ ಇಟ್ಟುಕೊಂಡಿರುವ ಸಣ್ಣ ಹಿಡುವಳಿದಾರರು ಇದ್ದಾರೆ. ಅದು ನಾಲೆಯ ಏರಿಯ ಮೇಲೆ ಪದೇ ಪದೇ ನಿಂತರೆ ಕೆಲಸ ಕೆಡುತ್ತದೆ. ಕತ್ತಲೆಯಲ್ಲಿ ನಿಂತರೆ ಜೀವಕ್ಕೂ ಅಪಾಯ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಇಂದು ಪ್ಲಗ್, ನಾಳೆ ಕಾರ್ಬೊರೇಟರ್, ನಾಡಿದ್ದು ಕಾಯಿಲ್ ಎಂದು ಒಂದೊಂದೇ ಭಾಗ ಬದಲಾಗುತ್ತದೆ. ಹಣ ಖರ್ಚಾಗುತ್ತದೆ, ಗಾಡಿ ಮತ್ತೆ ನಿಲ್ಲುತ್ತದೆ. ತೋಟದಲ್ಲಿ ಹರಳು ಉದುರಿದರೆ ಕಾರಣ ನೀರಿನ ಕೊರತೆಯೋ, ಗೊಬ್ಬರದ ಕೊರತೆಯೋ, ಕೀಟವೋ, ರೋಗವೋ ಎಂದು ನೋಡದೆ ಔಷಧಿ ಹೊಡೆಯುವವನನ್ನು ನಾವು ಜಾಣನೆನ್ನುವುದಿಲ್ಲ. ಯಂತ್ರಕ್ಕೂ ಇದೇ ನ್ಯಾಯ. ಗಾಡಿ ಯಾವ ರೀತಿಯಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ರೋಗದ ಅರ್ಧ ಪತ್ತೆ ಅಲ್ಲಿಯೇ ಆಗುತ್ತದೆ.

ಇಲ್ಲಿ ನಾವು ಉದಾಹರಣೆಗೆ ತೆಗೆದುಕೊಂಡಿರುವುದು ನಮ್ಮ ನಾಡಿನದೇ ಆದ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕ್ ತಂತ್ರಜ್ಞಾನದ ಈ ಟೂ ಸ್ಟ್ರೋಕ್ ಗಾಡಿಗಳು ತಯಾರಾದವು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಪೇಟೆಯಲ್ಲಿ ಸಿಗುವ ಬಿಡಿಭಾಗಗಳೆಲ್ಲ ಒಂದೇ ಗುಣಮಟ್ಟದವಲ್ಲ. ಆದ್ದರಿಂದಲೇ ಕಾರಣ ಗೊತ್ತಾಗುವ ಮುನ್ನ ಭಾಗ ಕೊಳ್ಳುವುದು ನಷ್ಟದ ಬಾಬ್ತು.

1. ಶಕ್ತಿ ಕುಗ್ಗುತ್ತಾ, ಮುಕ್ಕರಿಸುತ್ತಾ ನಿಲ್ಲುವುದು

ಇದು ಬಹುಮಟ್ಟಿಗೆ ಪೆಟ್ರೋಲಿನ ಕೊರತೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಹೋಗಲು ಒಂದು ಸಣ್ಣ ರಂಧ್ರವಿದೆ. ದೂಳಿನಿಂದ ಅದು ಕಟ್ಟಿಕೊಂಡರೆ ಟ್ಯಾಂಕ್ ತುಂಬಿದ್ದರೂ ಪೆಟ್ರೋಲ್ ಕೆಳಗಿಳಿಯದು. ನಂತರ ಪೆಟ್ರೋಲ್ ಕಾಕಿನ ಜಾಲರಿ ನೋಡಬೇಕು. ರಬ್ಬರ್ ಕೊಳವೆಯನ್ನು ಕಾರ್ಬೊರೇಟರಿನಿಂದ ಬಿಡಿಸಿ ಒಂದು ಸೀಸೆಗೆ ಹಿಡಿದು ಕಾಕ್ ತಿರುಗಿಸಿದರೆ ಧಾರೆ ಎಡೆಬಿಡದೆ ಬರಬೇಕು. ಧಾರೆ ಸರಿಯಿದ್ದಲ್ಲಿ ಕಸ ಕಾರ್ಬೊರೇಟರಿನ ಬಟ್ಟಲಿನಲ್ಲಿ ಅಥವಾ ಜೆಟ್ಟಿನಲ್ಲಿದೆ ಎಂದು ತಿಳಿಯಬಹುದು. ಜೆಟ್ಟನ್ನು ಗಾಳಿ ಊದಿ ಶುಚಿ ಮಾಡಬೇಕೇ ಹೊರತು ತಂತಿ ತೂರಿಸಬಾರದು. ರಂಧ್ರ ದೊಡ್ಡದಾದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

2. ಸ್ವಿಚ್ ಆರಿಸಿದಂತೆ ಒಮ್ಮೆಗೇ ನಿಲ್ಲುವುದು

ಇದು ಕಿಡಿಯ ದೋಷ. ಪ್ಲಗ್ ಬಿಚ್ಚಿ ನೋಡಿ. ಟೂ ಸ್ಟ್ರೋಕ್ ಗಾಡಿಗಳಲ್ಲಿ ಮಸಿಯ ಒಂದು ಸಣ್ಣ ಎಳೆ ಪ್ಲಗ್ಗಿನ ಎರಡು ತುದಿಗಳನ್ನು ಸೇರಿಸಿಬಿಟ್ಟರೆ ಕಿಡಿ ಹಾರುವುದೇ ಇಲ್ಲ. ತುದಿ ತಿಳಿಗಂದು ಬಣ್ಣವಿದ್ದರೆ ಆರೋಗ್ಯ. ಒದ್ದೆಯಾಗಿ ಕಪ್ಪಗಿದ್ದರೆ ಎಣ್ಣೆ ಹೆಚ್ಚು ಅಥವಾ ಕಿಡಿ ದುರ್ಬಲ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು. ಪ್ಲಗ್ ಸರಿಯಿದ್ದಲ್ಲಿ ಬ್ಯಾಟರಿಯ ತುದಿಗಳ ಹಸಿರು ಕಿಲುಬು, ಸಡಿಲವಾದ ತಂತಿ, ಬೀಗದ ಕೈಯ ಸ್ವಿಚ್ ಇವನ್ನು ಪರೀಕ್ಷಿಸಬೇಕು. ಪಾಯಿಂಟ್ ಸುಟ್ಟು ಗುಳಿ ಬಿದ್ದಿದ್ದರೆ ಕಂಡೆನ್ಸರನ್ನೂ ಅನುಮಾನಿಸಬೇಕು.

3. ಕೆಲವು ಮೈಲಿ ಓಡಿ ನಿಂತು, ಸ್ವಲ್ಪ ಹೊತ್ತಿನ ನಂತರ ತಾನೇ ಹೊರಡುವುದು

ಹೆಚ್ಚು ಜನ ಮೋಸಹೋಗುವುದು ಇಲ್ಲಿಯೇ. ಬಿಸಿಯಾದಾಗ ಕೈಕೊಡುವ ಕಾಯಿಲ್ ಅಥವಾ ಕಂಡೆನ್ಸರ್ ತಣ್ಣಗಾದ ಮೇಲೆ ಕೆಲಸ ಮಾಡುತ್ತದೆ. ಮುಚ್ಚಳದ ರಂಧ್ರ ಕಟ್ಟಿದ್ದರೂ ಅಷ್ಟು ಹೊತ್ತಿಗೆ ಗಾಳಿ ನಿಧಾನವಾಗಿ ಸೇರಿ ಪೆಟ್ರೋಲ್ ಇಳಿದಿರುತ್ತದೆ. ಹೀಗೆ ಕಾಯುವುದೇ ಎರಡಕ್ಕೂ ಮದ್ದಾಗಿ, ಕಾರಣ ಮರೆಯಾಗುತ್ತದೆ. ಆದ್ದರಿಂದ ಗಾಡಿ ನಿಂತ ಕೂಡಲೇ, ಆರಲು ಬಿಡದೆ, ಎರಡು ಪರೀಕ್ಷೆ ಮಾಡಬೇಕು.

ಮೊದಲನೆಯದು, ಟ್ಯಾಂಕಿನ ಮುಚ್ಚಳ ತೆರೆಯುವುದು. ಗಾಳಿ ಎಳೆದುಕೊಳ್ಳುವ ಸದ್ದು ಬಂದು, ಅರೆನಿಮಿಷದಲ್ಲಿ ಗಾಡಿ ಹೊರಟರೆ ದೋಷ ಮುಚ್ಚಳದ್ದು. ಖರ್ಚು ಒಂದು ಸೂಜಿಯಷ್ಟೇ! ಹೊರಡದಿದ್ದರೆ ಮುಚ್ಚಳ ಹಾಕಿ ಎರಡನೆಯ ಪರೀಕ್ಷೆ: ಪ್ಲಗ್ ಬಿಚ್ಚಿ, ಅದರ ರಬ್ಬರ್ ಟೋಪಿಗೆ ಸಿಕ್ಕಿಸಿ, ಲೋಹದ ಭಾಗ ಎಂಜಿನ್ನಿಗೆ ತಾಗುವಂತಿಟ್ಟು ಕಿಕ್ ಹೊಡೆಯುವುದು. ನೀಲಿ ಕಿಡಿ ಚಟಪಟ ಹಾರಿದರೆ ದೋಷ ಬೇರೆ ಕಡೆಯಿದೆ. ಕೆಂಪಾಗಿ ಮಂಕಾಗಿದ್ದರೆ ಅಥವಾ ಬಾರದಿದ್ದರೆ ಕಿಡಿಯ ದಾರಿಯಲ್ಲಿದೆ. ಈ ಪರೀಕ್ಷೆಗೆ ಮುನ್ನ ಚೆಲ್ಲಿದ ಪೆಟ್ರೋಲ್ ಒರೆಸಬೇಕು, ಪ್ಲಗ್ ಇದ್ದ ರಂಧ್ರವನ್ನು ಬಟ್ಟೆಯಿಂದ ಮುಚ್ಚಬೇಕು. ಅಡಿಕೆ ಸಿಪ್ಪೆ, ಒಣಹುಲ್ಲು ಇರುವ ಕಣದಲ್ಲಂತೂ ಖಂಡಿತ ಮಾಡಕೂಡದು.

4. ಭಾರ ಹೊತ್ತಾಗ, ಏರಿನಲ್ಲಿ ಉಸಿರುಗಟ್ಟಿದಂತೆ ನಿಲ್ಲುವುದು

ಏರ್ ಫಿಲ್ಟರಿನ ದೂಳು ಅಥವಾ ಸೈಲೆನ್ಸರಿನಲ್ಲಿ ಗಟ್ಟಿಯಾದ ಮಸಿ ಇದಕ್ಕೆ ಕಾರಣ. ಹೊಗೆ ಹೊರಹೋಗದಿದ್ದರೆ ಹೊಸ ಗಾಳಿ ಒಳಬಾರದು. ಸೈಲೆನ್ಸರಿನ ಒಳಕೊಳವೆ ಬಿಚ್ಚಿ ಕೆರೆದು ಶುಚಿ ಮಾಡಬೇಕು. ಗೇರುಪೆಟ್ಟಿಗೆಯ ಎಣ್ಣೆ ಕಡಿಮೆಯಾಗುತ್ತಾ ದಟ್ಟ ಹೊಗೆ ಬಂದರೆ ಮಾತ್ರ ಒಳಗಿನ ಆಯಿಲ್ ಸೀಲ್ ಹೋಗಿರುವ ಸಂಭವವಿದೆ. ಅದು ಮೆಕ್ಯಾನಿಕ್ಕಿನ ಕೆಲಸ. ಗಾಡಿ ನಿಂತ ಮೇಲೆ ಕಿಕ್ ಬಿಗಿದುಕೊಂಡಿದ್ದರೆ ಬಲವಂತ ಮಾಡದೆ ತಳ್ಳಿಕೊಂಡು ಬರುವುದೇ ಲೇಸು.

ಪೆಟ್ರೋಲಿನ ಬಗ್ಗೆ ಒಂದು ಎಚ್ಚರಿಕೆ

ಟೂ ಸ್ಟ್ರೋಕ್ ಗಾಡಿಗೆ ಎಣ್ಣೆಯನ್ನು ಕಣ್ಣಳತೆಯಲ್ಲಿ ಹಾಕಬಾರದು. 25ಕ್ಕೆ 1 ಎಂದರೆ ಲೀಟರಿಗೆ 40 ಮಿ.ಲೀ. ತಮ್ಮ ಗಾಡಿಯ ಕೈಪಿಡಿಯಲ್ಲಿರುವ ಪ್ರಮಾಣವನ್ನೇ ಅಳೆದು ಬೆರೆಸಬೇಕು. ಇನ್ನೊಂದು ಹೊಸ ಸಂಗತಿಯೂ ಇದೆ. ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತಿರುತ್ತದೆ. ಕಬ್ಬು, ಮೆಕ್ಕೆಜೋಳಗಳಿಂದ ತಯಾರಾಗುವ ಇದರಿಂದ ರೈತನಿಗೆ ಅನುಕೂಲವುಂಟು. ಆದರೆ ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಮಿತಿಮೀರಿದರೆ, ಎಥನಾಲ್ ಸಮೇತ ಬೇರೆಯಾಗಿ ತಳ ಸೇರುತ್ತದೆ. ಕಾಕಿನಿಂದ ಮೊದಲು ಇಳಿಯುವುದು ಅದೇ! ಗಾಜಿನ ಸೀಸೆಯಲ್ಲಿ ಹಿಡಿದಿಟ್ಟು ನೋಡಿದರೆ ಎರಡು ಪದರ ಕಾಣುತ್ತದೆ. ಹಾಗಿದ್ದಲ್ಲಿ ಎಲ್ಲವನ್ನೂ ಖಾಲಿ ಮಾಡಿ ಹೊಸದು ತುಂಬಿಸಬೇಕು. ಹಳೆಯ ರಬ್ಬರ್ ಕೊಳವೆ ಉಬ್ಬಿದ್ದರೆ ಅಥವಾ ಮೆತ್ತಗಾಗಿದ್ದರೆ ಎಥನಾಲ್ ತಡೆಯುವ ಕೊಳವೆ ಹಾಕಿಸಬೇಕು. ಗಾಡಿಯನ್ನು ಹೆಚ್ಚು ದಿನ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬೊರೇಟರ್ ಬರಿದಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುವುದು ಉತ್ತಮ.

ಕೊನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡಬೇಕು. ಎರಡು ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಗುಣ ಯಾವುದರಿಂದ ಎಂದು ತಿಳಿಯದು. ಬಿಚ್ಚಿದ ಹಳೆಯ ಭಾಗವನ್ನು ಹೊಸದು ನೆಚ್ಚಿಕೆಯಾಗುವವರೆಗೆ ಎಸೆಯಬಾರದು. ಗಾಡಿ ಎಷ್ಟು ದೂರ ಓಡಿ ನಿಂತಿತು, ಹೇಗೆ ನಿಂತಿತು, ಏನು ಮಾಡಿದಾಗ ಹೊರಟಿತು ಎಂಬ ಮೂರು ಮಾತನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಮೆಕ್ಯಾನಿಕ್ಕಿಗೆ ಹೇಳಿದರೆ ಅವನ ಶ್ರಮವೂ ನಮ್ಮ ಹಣವೂ ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಒಂದು ಪ್ಲಗ್, ಪ್ಲಗ್ ಪಾನಾ, ಉಪ್ಪುಕಾಗದದ ತುಂಡು ಮತ್ತು ಒಣಬಟ್ಟೆ ಸದಾ ಇರಲಿ. ಕೊಯ್ಲು ಆರಂಭವಾಗುವ ಮುನ್ನವೇ ಮುಚ್ಚಳ, ಕಾಕ್, ಪ್ಲಗ್ ಈ ಮೂರನ್ನು ಶುಚಿ ಮಾಡಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.