ಮೊಣಕೈ ನೋವಿಗೆ ಅರ್ಧ ಲೀಟರ್ ಬಾಟಲಿ

ಕೊಳ್ಳೇಗಾಲದಲ್ಲಿ ದಿನವಿಡೀ ಮಗ್ಗದ ಮುಂದೆ ಕೂರುವ ಅಣ್ಣಂದಿರೇ, ಯಳಂದೂರು, ಹನೂರಿನ ಹೊಲಗದ್ದೆಗಳಲ್ಲಿ ಕುಡುಗೋಲು ಹಿಡಿಯುವ ಅಕ್ಕಂದಿರೇ, ಚೊಂಬು ಎತ್ತಿದರೂ ಬಟ್ಟೆ ಹಿಂಡಿದರೂ ಮೊಣಕೈಯ ಹೊರಬದಿ ಚುರ್ರೆನ್ನುತ್ತದೆಯೇ? ಟೆನಿಸ್ ಎಲ್ಬೋ ಇರಬಹುದು. ಹೆಸರು ಆಟದ್ದು, ಕಾಟ ದುಡಿಯುವ ಕೈಗೆ. 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನೂ ಇದು ಮೈದಾನದಿಂದ ಹೊರಗೆ ಕೂರಿಸಿತ್ತು.

ತಿಂಗಳುಗಟ್ಟಲೆ ಎಳೆದ ನೋವು ಬರೀ ಎಣ್ಣೆ ತಿಕ್ಕಿದರೆ ಹೋಗದು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯು ಮೊಣಕೈ ಮೂಳೆಗೆ ಅಂಟುವ ಜಾಗ ಸೋತಿರುತ್ತದೆ. ಅದಕ್ಕೆ ಬಲ ಬರಬೇಕು. ಮುಂಗೈಯನ್ನು ಮೇಜಿನ ಮೇಲೆ ಊರಿ, ಅಂಗೈ ಕೆಳಮುಖವಾಗಿ, ಮಣಿಕಟ್ಟು ಅಂಚಿನಾಚೆ ಇರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಆಸರೆಯಿಂದ ಮೇಲೆತ್ತಿ. ಆಮೇಲೆ ಆಸರೆ ಬಿಟ್ಟು, ಐದು ಎಣಿಸುತ್ತಾ ನಿಧಾನವಾಗಿ ಇಳಿಸಿ. ಈ ಇಳಿಸುವುದರಲ್ಲೇ ಮದ್ದಿರುವುದು. ಹತ್ತು ಸಲದಂತೆ ಮೂರು ಸುತ್ತು, ನಡುವೆ ಸ್ವಲ್ಪ ಬಿಡುವು. ಭಾರವೆನಿಸಿದರೆ ಅರ್ಧ ಬಾಟಲಿ ನೀರೇ ಸಾಕು.

ತುಸು ನೋವು ಸಹಜ; ಮರುದಿನಕ್ಕೂ ಹೆಚ್ಚಿದ್ದರೆ ಭಾರ ಕಡಿಮೆ ಮಾಡಿ. ಗುಣ ಕಾಣಲು 6ರಿಂದ 12 ವಾರ ಬೇಕಾಗಬಹುದು, ವಾರಕ್ಕೇ ಕೈಬಿಡಬೇಡಿ. ಶುರುವಿನಲ್ಲಿ ಒಮ್ಮೆ ಫಿಸಿಯೋಥೆರಪಿಸ್ಟ್ ಎದುರೇ ಮಾಡಿ ತೋರಿಸಿ. ಬೆರಳು ಜೋಮು ಹಿಡಿಯುತ್ತಿದ್ದರೆ, ಕತ್ತಿನಿಂದ ನೋವು ಇಳಿಯುತ್ತಿದ್ದರೆ, ಬಾಟಲಿ ಹಿಡಿಯುವ ಮುನ್ನ ವೈದ್ಯರನ್ನು ಕಾಣಿ.